ಮನೆಯ ದಸ್ತರ್‌ಖಾನ್: ಮಕ್ಕಳ ಊಟ-ತಿಂಡಿಗೆ ಕೆಲವು ಕಟ್ಟುಪಾಡುಗಳು

(ಸಂಘದ ವಾರ್ಷಿಕ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ನನಗೆ ಕೊಟ್ಟ ವಿಷಯ "ವಿದ್ಯಾರ್ಥಿಗಳ ಪ್ರಗತಿಯಲ್ಲಿ ಪಾಲಕರ ಪಾತ್ರ". ಈ ವಿಷಯದ ಮೇಲೆ ಇದೇ ವೇದಿಕೆಯಿಂದ ನನಗಿಂತ ಬಲ್ಲವರು ಮಾತನಾಡಿದ್ದಾರೆ. ಮಕ್ಕಳನ್ನು ಚೆನ್ನಾಗಿ ಓದಿಸಿ, ಟಿ.ವಿ. ಕಡಿಮೆ ಮಾಡಿ, ಹೋಂವರ್ಕ್ ನೋಡಿ ಎಂದು ನಾನೂ ಹೇಳಿದರೆ ನೀವು ತಲೆಯಾಡಿಸಿ ಮನೆಗೆ ಹೋಗುತ್ತೀರಿ. ಆದ್ದರಿಂದ ಅಧ್ಯಕ್ಷರ ಅನುಮತಿ ಪಡೆದು ಆ ದೊಡ್ಡ ವಿಷಯದ ಒಂದು ಸಣ್ಣ ಮೂಲೆಯನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಮಗು ಏನು ತಿಂದು ಶಾಲೆಗೆ ಬರುತ್ತದೆ, ಎಷ್ಟು ಹೊತ್ತಿಗೆ ತಿನ್ನುತ್ತದೆ, ಅದನ್ನು ಮನೆಯಲ್ಲಿ ಯಾರು ತೀರ್ಮಾನ ಮಾಡುತ್ತಾರೆ ಎಂಬುದು. "ಇದೇನು ಟೀಚರ್, ಊಟದ ಬಗ್ಗೆ ಭಾಷಣವೇ?" ಎಂದು ಕೆಲವರಿಗೆ ಅನಿಸಬಹುದು. ಬಿ.ಎಡ್. ಓದುವಾಗ ನಾವೆಲ್ಲ ಮ್ಯಾಸ್ಲೊ ಎಂಬ ಮನಶ್ಶಾಸ್ತ್ರಜ್ಞ 1943ರಲ್ಲಿ ಹೇಳಿದ ಮನುಷ್ಯನ ಅಗತ್ಯಗಳ ಮೆಟ್ಟಿಲುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲೇ ಅನ್ನ, ನೀರು, ನಿದ್ದೆ ಇವೆ. ಅದು ಬರೀ ಹತ್ತು ಅಂಕದ ಪ್ರಶ್ನೆಯಲ್ಲ ಎಂದು ತಿಳಿದದ್ದು ತರಗತಿಗೆ ಬಂದ ಮೇಲೆ.

ಏಳನೇ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಒಂದು ಪುಟ್ಟ ಪ್ರಬಂಧ ಬರೆಯಲು ಹೇಳಿದ್ದೆ. ವಿಷಯ, "ನಿನ್ನೆ ನಾನು ತಿಂದದ್ದು". ನನ್ನ ಉದ್ದೇಶ ಭೂತಕಾಲದ ಕ್ರಿಯಾಪದ ಕಲಿಸುವುದು. ತಿಂದೆನು, ಕುಡಿದೆನು, ಉಂಡೆನು. ಮಕ್ಕಳು ಕ್ರಿಯಾಪದವನ್ನು ಸರಿಯಾಗಿಯೇ ಬರೆದಿದ್ದರು. ಆದರೆ ಆ ಹಾಳೆಗಳನ್ನು ತಿದ್ದುತ್ತಾ ಕೂತಾಗ ನನ್ನ ಗಮನ ವ್ಯಾಕರಣದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಚಹಾ, ಎರಡು ರಸ್ಕು. ಹನ್ನೊಂದು ಗಂಟೆಗೆ ಐದು ರೂಪಾಯಿ ಪ್ಯಾಕೆಟ್ಟು. ಮಧ್ಯಾಹ್ನ ಶಾಲೆಯ ಊಟ "ಸ್ವಲ್ಪ". ಸಂಜೆ ಮತ್ತೆ ಚಹಾ, ಬನ್ನು, ಇನ್ನೊಂದು ಪ್ಯಾಕೆಟ್ಟು. ಒಬ್ಬ ಹುಡುಗ ಕೊನೆಯ ಸಾಲಿನಲ್ಲಿ, ರಾತ್ರಿ ಅಬ್ಬಾ ಬಂದ ಮೇಲೆ ಉಣ್ಣೋಣ ಎಂದು ಕಾಯುತ್ತಾ ಕಾಯುತ್ತಾ ಮಲಗಿಬಿಟ್ಟೆನು ಎಂದು ಬರೆದಿದ್ದ. ಅವನು ಬಡವನೆಂದು ಹೇಳುವಂತಿಲ್ಲ. ಅವನ ಮನೆಯಲ್ಲಿ ಅನ್ನ ಇತ್ತು, ಸಾಲನ್ ಇತ್ತು, ದಾದಿಯೂ ಇದ್ದರು. ಇಲ್ಲದ್ದು ಊಟದ ಹೊತ್ತು ಮಾತ್ರ.

ಊಟದ ಹೊತ್ತು ನಮ್ಮ ಊರಿನಲ್ಲಿ ಹೇಗೆ ಕಳೆದುಹೋಯಿತು ಎಂಬುದನ್ನು ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಗಣಿ ನಡೆಯುತ್ತಿದ್ದ ಕಾಲದಲ್ಲಿ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರ್ಗಾಂ ಎಲ್ಲ ಕಡೆ ಮನೆಯ ಗಡಿಯಾರವೆಂದರೆ ಗಣಿಯ ಪಾಳಿ. ಪಾಳಿಗೆ ತಕ್ಕಂತೆ ಒಲೆ ಹತ್ತುತ್ತಿತ್ತು, ಡಬ್ಬಿ ತುಂಬುತ್ತಿತ್ತು, ಮಕ್ಕಳೂ ಅದೇ ಹೊತ್ತಿಗೆ ತಟ್ಟೆಯ ಮುಂದೆ ಕೂರುತ್ತಿದ್ದರು. ಗಣಿಯಲ್ಲಿ ಕೆಲಸ ಮಾಡದವರ ಮನೆಗಳಲ್ಲಿ, ಅಂದರೆ ನಮ್ಮ ಪೇಟೆಯ ವ್ಯಾಪಾರಿಗಳ, ದರ್ಜಿಗಳ, ಕಸಾಯಿಗಳ ಮನೆಗಳಲ್ಲಿಯೂ ಅದೇ ಲೆಕ್ಕ, ಯಾಕೆಂದರೆ ಗಿರಾಕಿ ಬರುತ್ತಿದ್ದುದೇ ಪಾಳಿ ಬಿಟ್ಟ ಮೇಲೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಮೇಲೆ ನಮ್ಮ ಗಂಡಸರು, ಈಗ ಎಷ್ಟೋ ಹೆಂಗಸರೂ ಸಹ, ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತಿದರು. 1894ರಲ್ಲಿ ಚಿನ್ನದ ಗಣಿಗಾಗಿ ಬಂಗಾರಪೇಟೆಯಿಂದ ಹಾಕಿದ ಕಂಬಿ ಇಂದು ಮುಖ್ಯವಾಗಿ ದಿನಗೂಲಿಯವರನ್ನೂ ಗಾರ್ಮೆಂಟ್ಸ್‌ನವರನ್ನೂ ಆಫೀಸಿನವರನ್ನೂ ಹೊರುತ್ತಿದೆ. ಕತ್ತಲಿರುವಾಗಲೇ ಹೊರಟವರು ಕತ್ತಲಾದ ಮೇಲೆ ಬರುತ್ತಾರೆ. ಮಗು ಏಳುವ ಮೊದಲೇ ತಂದೆ ಮನೆಯಲ್ಲಿಲ್ಲ, ಮಲಗುವಾಗಲೂ ಇಲ್ಲ. ಹೋಗುವಾಗ ದಿಂಬಿನ ಪಕ್ಕ ಹತ್ತು ರೂಪಾಯಿ ಇಟ್ಟು ಹೋಗುತ್ತಾರೆ. ಆ ಹತ್ತು ರೂಪಾಯಿಯಲ್ಲಿ ತಂದೆಯ ಪ್ರೀತಿ ಇದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಆ ನೋಟು ಸೀದಾ ಹೋಗುವುದು ಶಾಲೆಯ ಎದುರಿನ ಅಂಗಡಿಗೆ.

ಇದರಿಂದ ಏನಾಗುತ್ತದೆ? ಅಂಕಿಗಳನ್ನು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 61ರ ಆಸುಪಾಸಿನಲ್ಲಿತ್ತು. ಅಂದರೆ ಏರಿದೆ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ. ಐದು ವರ್ಷದೊಳಗಿನ ನೂರರಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದೇ ಮಕ್ಕಳು ಆರು ವರ್ಷ ತುಂಬಿದ ಮೇಲೆ ನಮ್ಮ ತರಗತಿಗೆ ಬರುತ್ತಾರೆ. ರಕ್ತ ಕಡಿಮೆ ಇರುವ ಮಗು ಬೇಗ ದಣಿಯುತ್ತದೆ, ಗಮನ ನಿಲ್ಲುವುದಿಲ್ಲ, ಕೇಳಿದ್ದನ್ನು ಮರೆಯುತ್ತದೆ. ನಾವು ಅದಕ್ಕೆ "ಸೋಮಾರಿ" ಎಂಬ ಹೆಸರಿಡುತ್ತೇವೆ, ಟೀಚರುಗಳೂ ಸೇರಿ.

ಇಲ್ಲಿ ಚಹಾದ ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಚಹಾ ಎಂದರೆ ಪಾನೀಯ ಅಲ್ಲ, ಅದು ಒಂದು ಊಟ. ಮೂರು ವರ್ಷದ ಮಗುವಿಗೂ ಲೋಟದಲ್ಲಿ ಚಹಾ, ಅದರಲ್ಲಿ ಅದ್ದಿದ ಬನ್ನು ಅಥವಾ ಬಿಸ್ಕತ್ತು. ಹೊಟ್ಟೆ ತುಂಬಿದಂತೆ ಕಾಣುತ್ತದೆ. ಚಹಾದಲ್ಲಿರುವ ಟ್ಯಾನಿನ್ ಎಂಬ ಪದಾರ್ಥ ಊಟದಲ್ಲಿರುವ ಕಬ್ಬಿಣಾಂಶವನ್ನು ಹಿಡಿದುಕೊಂಡು ಮೈಗೆ ಸೇರದಂತೆ ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ನಂತರವೂ ಚಹಾ, ಕಾಫಿ ಬೇಡ ಎಂದು ದೊಡ್ಡವರಿಗೇ ಹೇಳಿದ್ದಾರೆ. ನಾವು ಮಕ್ಕಳಿಗೆ ಸೊಪ್ಪಿನ ಸಾರು, ರಾಗಿ ಮುದ್ದೆ, ಖೀಮಾ ಎಲ್ಲ ಕೊಟ್ಟು ಹಿಂದೆಯೇ ಅರ್ಧ ಲೋಟ ಚಹಾ ಕೊಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಗೂ ಇದೇ ಗತಿ. ಹತ್ತು ಹನ್ನೆರಡು ವರ್ಷದ ತನಕ ಮಕ್ಕಳಿಗೆ ಚಹಾ ಇಲ್ಲ ಎಂಬುದನ್ನು ಮನೆಯ ಮೊದಲ ಕಟ್ಟುಪಾಡು ಮಾಡಿ ಎಂದು ನನ್ನ ಸಲಹೆ. ದೊಡ್ಡ ಮಕ್ಕಳಿಗೆ ಕೊಡುವುದಾದರೂ ಊಟದ ಜೊತೆ ಬೇಡ. ಬೆಳಿಗ್ಗೆ ಹಾಲು ಸಾಧ್ಯವಿಲ್ಲವೆಂದರೆ ರಾಗಿ ಗಂಜಿ ಇದೆ. ಕೋಲಾರ ಜಿಲ್ಲೆಯಲ್ಲಿ ಕುಳಿತು ರಾಗಿ ಎಲ್ಲಿ ಸಿಗುತ್ತದೆ ಎಂದು ಯಾರೂ ಕೇಳಲಾರರು.

ಇನ್ನು ಮನೆಯಲ್ಲಿ ನಿಯಮ ಮಾಡುವುದು ಹೇಗೆ ಎಂಬ ಮಾತಿಗೆ ಬರುತ್ತೇನೆ. ನಿಯಮ ಎಂದ ತಕ್ಷಣ ನಮ್ಮಲ್ಲಿ ಬೆತ್ತ ನೆನಪಾಗುತ್ತದೆ. ತಟ್ಟೆ ಖಾಲಿ ಮಾಡು, ಇಲ್ಲದಿದ್ದರೆ ಏಳಬೇಡ. ಒಂದು ತುತ್ತು ಅಮ್ಮಿಗೆ, ಒಂದು ತುತ್ತು ಅಬ್ಬಾಗೆ. ಸೊಪ್ಪು ತಿಂದರೆ ಚಾಕೊಲೇಟು. ಇವೆಲ್ಲ ನಿಯಮಗಳಲ್ಲ, ಜಗಳಗಳು. ಅಮೆರಿಕದ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ 1980ರ ದಶಕದಲ್ಲಿಯೇ ಒಂದು ಸರಳ ಪಾಲು ಮಾಡಿಕೊಟ್ಟಿದ್ದಾರೆ. ಏನು ಬಡಿಸಬೇಕು, ಯಾವ ಹೊತ್ತಿಗೆ, ಎಲ್ಲಿ ಕುಳಿತು ತಿನ್ನಬೇಕು ಎಂಬುದು ದೊಡ್ಡವರ ಪಾಲು. ಬಡಿಸಿದ್ದರಲ್ಲಿ ಯಾವುದನ್ನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದು ಮಗುವಿನ ಪಾಲು. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಏನು ಬೇಕು, ಯಾವಾಗ ಬೇಕು ಎಂದು ಮಗು ಹೇಳುತ್ತದೆ, ಅಂಗಡಿಗೂ ಅದೇ ಹೋಗುತ್ತದೆ. ಎಷ್ಟು ತಿನ್ನಬೇಕು ಎಂದು ಮಾತ್ರ ನಾವು ಹಠ ಹಿಡಿಯುತ್ತೇವೆ. ಅದನ್ನು ಮಗುವಿನ ಹೊಟ್ಟೆಗೆ ಬಿಡಬೇಕು, ಉಳಿದದ್ದನ್ನು ನಾವು ಕೈಗೆ ತೆಗೆದುಕೊಳ್ಳಬೇಕು.

ಇದು ಅಮೆರಿಕದಿಂದ ಬಂದ ಮಾತು ಎಂದು ಅನುಮಾನ ಪಡಬೇಡಿ. ಪ್ರವಾದಿಯವರ ಮನೆಯಲ್ಲಿ ಬೆಳೆದ ಬಾಲಕ ಉಮರ್ ಬಿನ್ ಅಬೀ ಸಲಮಾ ಊಟಕ್ಕೆ ಕುಳಿತಾಗ ಅವನ ಕೈ ತಟ್ಟೆಯ ಸುತ್ತೆಲ್ಲ ಓಡಾಡುತ್ತಿತ್ತು ಎಂಬ ಹದೀಸ್ ನಮ್ಮ ಮಕ್ಕಳಿಗೆ ಗೊತ್ತು. ಪ್ರವಾದಿಯವರು ಅವನಿಗೆ ಕಲಿಸಿದ್ದು ಮೂರೇ ವಿಷಯ. ಅಲ್ಲಾಹನ ಹೆಸರಿನಿಂದ ಆರಂಭಿಸುವುದು, ಬಲಗೈಯಲ್ಲಿ ತಿನ್ನುವುದು, ತನ್ನ ಮುಂದಿರುವುದನ್ನು ತಿನ್ನುವುದು. ಗದರಿಕೆ ಇಲ್ಲ, ಎಷ್ಟು ತಿನ್ನಬೇಕೆಂಬ ಒತ್ತಾಯ ಇಲ್ಲ. ಆ ಬಾಲಕ ದೊಡ್ಡವನಾದ ಮೇಲೆ ತಾನು ಅಂದಿನಿಂದ ಹಾಗೆಯೇ ಉಣ್ಣುತ್ತಿದ್ದೇನೆ ಎಂದು ಹೇಳಿಕೊಂಡಿದ್ದಾನೆ. ಅನ್ನಕ್ಕೆ ಅವರು ಎಂದೂ ಹೆಸರಿಡುತ್ತಿರಲಿಲ್ಲ, ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲದಿದ್ದರೆ ಬಿಡುತ್ತಿದ್ದರು ಎಂಬ ವರದಿಯೂ ಇದೆ. ಬದನೆಕಾಯಿ ನೋಡಿ ಮುಖ ಸಿಂಡರಿಸುವ ಮಗುವಿಗೆ ಇಷ್ಟು ಕಲಿಸಿದರೆ ಸಾಕು. ಬೇಡವಾದರೆ ಬಿಡು, ಥೂ ಎನ್ನಬೇಡ.

ಲಂಚದ ಬಗ್ಗೆ ಒಂದು ಮಾತು. 1984ರಲ್ಲಿ ಲಿಯಾನ್ ಬರ್ಚ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಹಾಲಿನ ಪಾನೀಯ ಕುಡಿದರೆ ಬಹುಮಾನ ಕೊಡುತ್ತೇವೆ ಎಂದು ಕೆಲವು ಮಕ್ಕಳಿಗೆ ಹೇಳಿದರು. ಬಹುಮಾನಕ್ಕಾಗಿ ಕುಡಿದ ಮಕ್ಕಳಿಗೆ ಕೊನೆಗೆ ಆ ಪಾನೀಯದ ಮೇಲಿನ ಇಷ್ಟ ಕಡಿಮೆಯಾಯಿತು. ಮಗುವಿನ ತರ್ಕ ನೇರವಾಗಿದೆ. ಕುಡಿಯುವುದಕ್ಕೆ ಕೂಲಿ ಕೊಡುತ್ತಿದ್ದಾರೆಂದರೆ ಇದು ಏನೋ ಕೆಟ್ಟದ್ದೇ ಇರಬೇಕು. "ಸೊಪ್ಪು ತಿಂದರೆ ಚಾಕೊಲೇಟು" ಎಂದಾಗ ನಾವು ಮಗುವಿಗೆ ಕಲಿಸುತ್ತಿರುವ ಪಾಠವೂ ಅದೇ. ಅದೇ ಬರ್ಚ್ ಅವರು 1999ರಲ್ಲಿ ಇನ್ನೊಬ್ಬ ಸಂಶೋಧಕಿಯೊಡನೆ ತೋರಿಸಿದ ಇನ್ನೊಂದು ಸಂಗತಿ, ಕಣ್ಣೆದುರಿಗೆ ಇಟ್ಟು ಮುಟ್ಟಬೇಡ ಎಂದು ತಡೆದ ತಿಂಡಿಯ ಮೇಲೆ ಮಕ್ಕಳ ಆಸೆ ಹೆಚ್ಚುತ್ತದೆ ಎಂಬುದು. ಆದ್ದರಿಂದ ಡಬ್ಬಿಯಲ್ಲಿ ಬಿಸ್ಕತ್ತು ತುಂಬಿಸಿ ಕಪಾಟಿನ ಮೇಲಿಟ್ಟು ಕಾವಲು ಕಾಯುವುದಕ್ಕಿಂತ ಮನೆಗೆ ತರದೇ ಇರುವುದು ಸುಲಭ. ಮನೆಯಲ್ಲಿ ಇಲ್ಲದ ವಸ್ತುವಿಗಾಗಿ ಜಗಳವೂ ಇಲ್ಲ.

ಹಾಗಾದರೆ ಹೊತ್ತು ಯಾವುದು? ದಿನಕ್ಕೆ ನಾಲ್ಕು ಸಲ ತಟ್ಟೆ. ಶಾಲೆಗೆ ಹೊರಡುವ ಮುಂಚೆ ಒಂದು, ಮಧ್ಯಾಹ್ನ ಶಾಲೆಯಲ್ಲಿ ಒಂದು, ಸಂಜೆ ಶಾಲೆಯಿಂದ ಬಂದ ಮೇಲೆ ಒಂದು, ರಾತ್ರಿ ಎಂಟರೊಳಗೆ ಒಂದು. ಚಿಕ್ಕ ಮಕ್ಕಳಿಗೆ ಮಧ್ಯೆ ಇನ್ನೊಂದು ಸಣ್ಣ ತಿಂಡಿ ಇರಲಿ. ಈ ಹೊತ್ತುಗಳ ನಡುವೆ ನೀರು ಮಾತ್ರ. ನಾಲ್ಕರಲ್ಲಿ ಒಂದು ಹೊತ್ತು ಮಗು ಸರಿಯಾಗಿ ಉಣ್ಣಲಿಲ್ಲ ಎನ್ನಿ, ಮುಂದಿನ ಹೊತ್ತು ಕೆಲವೇ ಗಂಟೆ ದೂರದಲ್ಲಿದೆ ಅಷ್ಟೆ. ಆರೋಗ್ಯವಾಗಿರುವ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ. ನಾವು ಮಾತ್ರ ಕರಗಿ ಹೋಗಿ ಅರ್ಧ ಗಂಟೆಯೊಳಗೆ ಐದು ರೂಪಾಯಿ ಕೈಗಿಡುತ್ತೇವೆ. ಮಗು ಕಲಿಯುವುದು ಏನು? ಊಟ ಬಿಟ್ಟರೆ ಪ್ಯಾಕೆಟ್ಟು ಸಿಗುತ್ತದೆ.

ಪಾಲಕರ ಸಭೆಯಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದರು. "ಟೀಚರ್, ದುಡ್ಡು ಕೊಡದಿದ್ದರೆ ರಸ್ತೆಯಲ್ಲೇ ಬಿದ್ದು ಹೊರಳಾಡುತ್ತಾನೆ. ನಾಲ್ಕು ಜನ ನೋಡುತ್ತಾರೆ. ಏನು ಮಾಡಲಿ?" ನಾನು ಕೇಳಿದೆ, "ಅಮ್ಮಾ, ಎಷ್ಟು ದಿನ ಹೊರಳಾಡಿದ?" "ಒಂದೇ ದಿನ ಟೀಚರ್, ಮಾರನೇ ದಿನ ಕೊಟ್ಟುಬಿಟ್ಟೆ." ಆ ತಾಯಿಯನ್ನು ನಾನು ದೂರುವುದಿಲ್ಲ. ಮೂರು ಮಕ್ಕಳು, ಬೆಳಗಿನ ಹೊತ್ತು, ಗಂಡ ರೈಲಿನಲ್ಲಿ. ಆದರೆ ಒಂದು ದಿನ ಇಲ್ಲ, ಒಂದು ದಿನ ಹೌದು ಎಂಬುದೇ ಎಲ್ಲಕ್ಕಿಂತ ಕೆಟ್ಟ ನಿಯಮ. ಅದು ಮಗುವನ್ನು ಜೂಜಿಗೆ ಕೂರಿಸಿದಂತೆ, ಇವತ್ತು ಗೆಲ್ಲಬಹುದು ಎಂದು ದಿನವೂ ಅಳುತ್ತದೆ. ಹೊಸ ನಿಯಮವನ್ನು ಶಾಲೆಯ ದಿನ ಬೆಳಿಗ್ಗೆ ಎಂಟೂವರೆಗೆ ಶುರುಮಾಡಬೇಡಿ. ಭಾನುವಾರ, ತಂದೆ ಮನೆಯಲ್ಲಿರುವಾಗ, ಎಲ್ಲರೂ ಕೂತು ಹೇಳಿ. ಇನ್ನು ಮೇಲೆ ದಿನದ ದುಡ್ಡು ಇಲ್ಲ, ವಾರಕ್ಕೊಂದು ಸಲ ಇಷ್ಟು ಎಂದು. ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನಿಲ್ಲಿಸಿದರೆ ಕದಿಯುವುದು ಶುರುವಾಗುತ್ತದೆ.

ದುಡ್ಡಿನ ಲೆಕ್ಕ ಮಾಡಿ ನೋಡಿ. ಒಂದು ಮಗುವಿಗೆ ದಿನಕ್ಕೆ 10 ರೂಪಾಯಿ, ತಿಂಗಳಿಗೆ 300. ಎರಡು ಮಕ್ಕಳಿದ್ದರೆ 600. ವರ್ಷಕ್ಕೆ 7,200 ರೂಪಾಯಿ. ಮೊಟ್ಟೆ ಒಂದಕ್ಕೆ ಏಳು ರೂಪಾಯಿ ಹಿಡಿದರೂ ಆ 600ರಲ್ಲಿ ಎಂಬತ್ತಕ್ಕೂ ಹೆಚ್ಚು ಮೊಟ್ಟೆ ಬರುತ್ತದೆ, ಅಂದರೆ ಇಬ್ಬರು ಮಕ್ಕಳಿಗೂ ದಿನಕ್ಕೊಂದು ಕೊಟ್ಟು, ಉಳಿದದ್ದರಲ್ಲಿ ಬಾಳೆಹಣ್ಣು ತರಬಹುದು. ಇದನ್ನು ನಾನು ತರಗತಿಯಲ್ಲಿ ಗಣಿತದ ಲೆಕ್ಕವಾಗಿ ಕೊಟ್ಟಿದ್ದೇನೆ. ಪ್ಯಾಕೆಟ್ಟಿನ ಹಿಂದೆ ಬರೆದಿರುವ ನಿವ್ವಳ ತೂಕ ಓದಿ, ಅದೇ ಐದು ರೂಪಾಯಿಗೆ ಅಂಗಡಿಯಲ್ಲಿ ಎಷ್ಟು ಗ್ರಾಂ ಹುರಿದ ಕಡಲೆಬೀಜ, ಎಷ್ಟು ಗ್ರಾಂ ಹುರಿಗಡಲೆ ಬರುತ್ತದೆ ಎಂದು ಕೇಳಿಕೊಂಡು ಬನ್ನಿ ಎಂದಿದ್ದೆ. ಮಕ್ಕಳು ಕೇಳಿಕೊಂಡು ಬಂದರು, ಅಂಗಡಿಯವರೊಬ್ಬರು "ಯಾವ ಟೀಚರಮ್ಮ ಕಳಿಸಿದ್ದು?" ಎಂದು ವಿಚಾರಿಸಿದರಂತೆ! ಪ್ಯಾಕೆಟ್ಟಿನಲ್ಲಿ ತುಂಬಿರುವುದು ಹೆಚ್ಚಾಗಿ ಗಾಳಿ ಎಂದು ಮಕ್ಕಳು ತಾವೇ ಬರೆದರು. ನಾನು ಭಾಷಣ ಮಾಡಿದ್ದರೆ ಅಷ್ಟು ತಲುಪುತ್ತಿರಲಿಲ್ಲ.

ಬಣ್ಣದ ಬಗ್ಗೆಯೂ ಎಚ್ಚರ ಬೇಕು. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಮತ್ತು ಮಕ್ಕಳು ಬೊಂಬಾಯಿ ಮಿಠಾಯಿ ಎನ್ನುವ ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಬಳಸಬಾರದ ಬಣ್ಣ ಸಿಕ್ಕಿತ್ತು. ಬೊಂಬಾಯಿ ಮಿಠಾಯಿಯ ಗುಲಾಬಿಗೆ ಬಳಸುತ್ತಿದ್ದ ರೋಡಮೀನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಸಂಜೆ ಗಾಡಿಯ ಮುಂದೆ ನಿಂತಾಗ ಕಬಾಬು ಕೆಂಪಾಗಿಲ್ಲವೆಂದು ನಾವೇ ಬೇಡ ಎನ್ನಬಾರದು. ನಮ್ಮ ಬಂಗಾರಪೇಟೆಯ ಪಾನಿಪುರಿಯ ನೀರು ನೋಡಿ, ಬೇರೆ ಊರಿನ ಹಸಿರು ನೀರಿನಂತಲ್ಲ, ತಿಳಿಯಾಗಿ ಕಾಣುತ್ತದೆ, ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ಬೆಂಗಳೂರಿನಲ್ಲಿಯೂ "ಬಂಗಾರಪೇಟೆ ಪಾನಿಪುರಿ" ಎಂದು ಬೋರ್ಡು ಹಾಕುವಷ್ಟು ಅದು ಹೆಸರಾಗಿದೆ. ಅದನ್ನು ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳುವ ಮನಸ್ಸೂ ಇಲ್ಲ. ಬಣ್ಣವಿಲ್ಲದಿದ್ದರೂ ಆ ನೀರು ಎಲ್ಲಿಂದ ಬಂತು, ಬಡಿಸುವ ಕೈ ಹೇಗಿದೆ ಎಂದು ನೋಡಿ, ಭಾನುವಾರ ಅಬ್ಬಾ ಜೊತೆ ಹೋಗಿ ತಿನ್ನಲಿ. ಅದೂ ಒಂದು ನಿಯಮವೇ. ಮಂಗಳವಾರ ಕೇಳಿದರೆ "ಭಾನುವಾರ" ಎನ್ನಬಹುದು, "ಇಲ್ಲ" ಎನ್ನಬೇಕಾಗುವುದಿಲ್ಲ.

ಶಾಲೆಯ ಊಟದ ವಿಷಯ. ಅಕ್ಷರ ದಾಸೋಹ 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೂ ಬಂತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದಲ್ಲಿ 150 ಮಿಲಿಲೀಟರ್ ಹಾಲು, 2024ರಿಂದ ಹಾಲಿನೊಂದಿಗೆ ರಾಗಿ ಮಾಲ್ಟ್ ಸೇರಿದೆ, ಮೊಟ್ಟೆ ಅಥವಾ ಬಾಳೆಹಣ್ಣೂ ಇದೆ. ಸರ್ಕಾರ ಎರಡು ದಿನ ಕೊಡುತ್ತಿದ್ದ ಮೊಟ್ಟೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಲ್ಲಿ ವಾರಕ್ಕೆ ಆರು ದಿನಕ್ಕೆ ಏರಿತು. ಇಷ್ಟಿದ್ದರೂ ಕೆಲವು ಮನೆಗಳಲ್ಲಿ "ಅದು ಬಡವರ ಊಟ, ನೀನು ತಿನ್ನಬೇಡ" ಎಂದು ಹೇಳಿ ಕಳಿಸುತ್ತಾರೆ. ಡಬ್ಬಿಯಲ್ಲಿ ಮನೆಯ ಊಟ ಕಳಿಸಿದರೆ ನನಗೆ ಏನೂ ತಕರಾರಿಲ್ಲ. ಡಬ್ಬಿಯೂ ಇಲ್ಲ, ಶಾಲೆಯ ಊಟವೂ ಬೇಡ, ಕೈಯಲ್ಲಿ ಇಪ್ಪತ್ತು ರೂಪಾಯಿ ಎಂಬ ಮರ್ಯಾದೆ ನನಗೆ ಅರ್ಥವಾಗುವುದಿಲ್ಲ. ನಮ್ಮ ಶಾಲೆಗಳಲ್ಲಿ ಉರ್ದು, ತಮಿಳು, ತೆಲುಗು, ಕನ್ನಡ ಮಾತಾಡುವ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅದರ ಬೆಲೆ ಮೊಟ್ಟೆಗಿಂತ ಕಡಿಮೆಯಲ್ಲ. ಹನ್ನೊಂದು ಗಂಟೆಯ ಬಿಡುವಿನಲ್ಲಿ ಪ್ಯಾಕೆಟ್ಟು ತಿಂದ ಮಗು ಒಂದು ಗಂಟೆಗೆ ಅನ್ನವನ್ನು ಚೆಲ್ಲುತ್ತದೆ, ಇದು ನಾನು ದಿನವೂ ನೋಡುವುದು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಎಣ್ಣೆ ಹೆಚ್ಚಿರುವ ತಿಂಡಿ ಮಾರಬಾರದು ಎಂದು 2020ರಲ್ಲಿಯೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಕಾಗದದ ಮೇಲಿನ ನಿಯಮ. ಸಂಘದ ಹಿರಿಯರು ಅಂಗಡಿಯವರನ್ನು ಒಮ್ಮೆ ಕರೆದು ಮಾತಾಡಬಹುದು, ಅವರೂ ನಮ್ಮವರೇ. ಪ್ಯಾಕೆಟ್ಟಿನ ಸರದ ಜಾಗದಲ್ಲಿ ಬಾಳೆಹಣ್ಣಿನ ಗೊನೆ, ಸೀಬೆ, ಕಡಲೆ ಮಿಠಾಯಿ ನೇತುಹಾಕಿದರೆ ಅವರ ವ್ಯಾಪಾರ ನಿಲ್ಲುವುದಿಲ್ಲ.

ಈಗ ನಾನು ಹೇಳಲು ಸ್ವಲ್ಪ ಹಿಂಜರಿಯುವ ಮಾತು. ಹೆಣ್ಣುಮಕ್ಕಳ ತಟ್ಟೆ. ಮೇಲೆ ಹೇಳಿದ ರಕ್ತಹೀನತೆಯ ಅಂಕಿ ಆಕಾಶದಿಂದ ಬಿದ್ದಿಲ್ಲ. ನಮ್ಮ ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಗಂಡುಮಕ್ಕಳು, ಆಮೇಲೆ ಬಡಿಸಿದ ತಾಯಿ ಮತ್ತು ಬಡಿಸಲು ನೆರವಾದ ಹೆಣ್ಣುಮಗಳು ಉಣ್ಣುವುದು ಈಗಲೂ ಇದೆ. ಎಲ್ಲ ಮನೆಗಳಲ್ಲಿ ಎಂದು ಹೇಳುವುದಿಲ್ಲ. ಬೋಟಿ ಮುಗಿದಿರುತ್ತದೆ, ತಳದ ಮಸಾಲೆ ಉಳಿದಿರುತ್ತದೆ. ಹುಡುಗನಿಗೆ ಮೊಟ್ಟೆ, ಹುಡುಗಿಗೆ "ನಿನಗೆ ಯಾಕೆ, ಮೈ ಬರುತ್ತದೆ". ಪ್ರತಿ ತಿಂಗಳು ರಕ್ತ ಕಳೆದುಕೊಳ್ಳುವ ವಯಸ್ಸಿನಲ್ಲಿ ಅವಳಿಗೆ ಕಬ್ಬಿಣಾಂಶ ಹೆಚ್ಚು ಬೇಕು, ಕಡಿಮೆಯಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ನಮ್ಮ ಹುಡುಗಿಯರು ಹುಡುಗರಿಗಿಂತ ಚೆನ್ನಾಗಿ ಓದುತ್ತಾರೆ ಎಂದು ಇದೇ ವೇದಿಕೆಯಲ್ಲಿ ಪ್ರತಿವರ್ಷ ಚಪ್ಪಾಳೆ ತಟ್ಟುತ್ತೇವೆ. ಅವರು ಎಷ್ಟು ಹಸಿದುಕೊಂಡು ಓದಿದರು ಎಂದು ಕೇಳುವುದಿಲ್ಲ. ಮನೆಯ ನಿಯಮ ಮಾಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ದಸ್ತರ್‌ಖಾನ್ ಹಾಸಿದ ಮೇಲೆ ಮಕ್ಕಳೆಲ್ಲರೂ ಒಟ್ಟಿಗೆ, ತುಂಡುಗಳು ಎಣಿಸಿ, ಸಮನಾಗಿ. ಬಡಿಸುವ, ಎತ್ತಿಡುವ ಕೆಲಸವೂ ಸರದಿಯಲ್ಲಿ, ಹುಡುಗರಿಗೂ.

ನಿಯಮವನ್ನು ನಿಜವಾಗಿ ನಡೆಸುವವರು ಯಾರು? ತಂದೆ-ತಾಯಿ ಇಬ್ಬರೂ ರೈಲಿನಲ್ಲಿದ್ದರೆ ಮನೆಯಲ್ಲಿರುವವರು ದಾದಿ ಅಥವಾ ನಾನಿ. ಶಾಲೆಯ ಸಭೆಗೆ ಬರುವವರೂ ಎಷ್ಟೋ ಸಲ ಅವರೇ. ಆದ್ದರಿಂದ ಸೊಸೆ ಒಂದು ನಿಯಮ ಮಾಡಿ ಅತ್ತೆಯ ತಲೆಗೆ ಕಟ್ಟಿದರೆ ಅದು ಮೂರು ದಿನ ನಿಲ್ಲುವುದಿಲ್ಲ. ಮೊಮ್ಮಗನ ಬಾಯಿಗೆ ಸಿಹಿ ಇಡುವುದು ದಾದಿಯ ಹಕ್ಕು, ಅದನ್ನು ಕಿತ್ತುಕೊಳ್ಳಲು ಯಾವ ಟೀಚರಿಗೂ ಅಧಿಕಾರವಿಲ್ಲ. ಅವರಿಗೆ ಒಂದು ಹೊತ್ತನ್ನು ಪೂರ್ತಿ ಬಿಟ್ಟುಕೊಡಿ. ಸಂಜೆಯ ತಿಂಡಿ ಅವರದು ಎನ್ನಿ. ನಮ್ಮ ಹಳೆಯ ಕೈಗಳಿಗೆ ಗೊತ್ತಿರುವ ತಿಂಡಿಗಳು ಯಾವ ಅಂಗಡಿಯಲ್ಲೂ ಇಲ್ಲ. ಬೇಯಿಸಿದ ಕಡಲೆಕಾಯಿ, ಚಳಿಗಾಲದಲ್ಲಿ ಅವರೆಕಾಳಿನ ಉಸಲಿ, ಬೆಲ್ಲ ಹಾಕಿದ ರಾಗಿ ರೊಟ್ಟಿ, ಹುರಿಗಡಲೆಗೆ ಬೆಲ್ಲ, ಶ್ರೀನಿವಾಸಪುರದ ಮಾವು ಬರುವ ತಿಂಗಳಲ್ಲಿ ಮಾವು. ದಾದಿಯ ಸಿಹಿ ಅದರೊಳಗೇ ಬರಲಿ, ಹೊತ್ತಲ್ಲದ ಹೊತ್ತಿನಲ್ಲಿ ಸೆರಗಿನ ಗಂಟಿನಿಂದ ಬೇಡ. ಒಬ್ಬ ಅಜ್ಜಿ ನನಗೆ ಹೇಳಿದರು, "ನೀವು ಹೇಳೋದು ಸರಿ ಬೇಟಿ, ಆದರೆ ಅವನು ಕೇಳೋದೇ ನನ್ನ ಹತ್ರ, ಬೇರೆ ಯಾರೂ ಮನೆಯಲ್ಲಿ ಇರಲ್ಲವಲ್ಲ." ಹೌದು. ಮಗು ತಿಂಡಿ ಕೇಳುವಾಗ ಯಾವಾಗಲೂ ತಿಂಡಿಯನ್ನೇ ಕೇಳುತ್ತಿರುವುದಿಲ್ಲ. ಬೇಸರಕ್ಕೂ ಕೇಳುತ್ತದೆ, ಒಂಟಿತನಕ್ಕೂ ಕೇಳುತ್ತದೆ.

ರಾತ್ರಿಯ ಊಟ ತಂದೆಗಾಗಿ ಕಾಯಬೇಕೇ ಎಂಬುದು ನನಗೆ ಬಹಳ ಜನ ಕೇಳುವ ಪ್ರಶ್ನೆ. ಶಾಲೆಯ ದಿನಗಳಲ್ಲಿ ಬೇಡ. ಮಗು ಎಂಟರೊಳಗೆ ಉಂಡು ಮಲಗಲಿ. ತಂದೆ ಬಂದಾಗ ಎಚ್ಚರವಿದ್ದರೆ ಪಕ್ಕದಲ್ಲಿ ಕೂತು ಮಾತಾಡಲಿ. ಪ್ರಬಂಧ ಬರೆದ ಆ ಹುಡುಗನ ಮನೆಯವರಿಗೂ ಇದನ್ನೇ ಹೇಳಿದೆ. ಅವರು ಭಾನುವಾರ ಮೂರು ಹೊತ್ತೂ ಒಟ್ಟಿಗೆ ಉಣ್ಣುವುದೆಂದು ಮಾಡಿಕೊಂಡಿದ್ದಾರೆ. ತಟ್ಟೆಯ ಮುಂದೆ ಮೊಬೈಲು ಬೇಡ ಎಂಬುದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಮಗುವಿನ ಕೈಯಿಂದ ಮೊಬೈಲು ತೆಗೆದು ನಾವು ನೋಡುತ್ತಾ ಉಂಡರೆ ಆ ನಿಯಮ ಅಂದೇ ಸತ್ತಿತು ಎಂದು ಮಾತ್ರ ಹೇಳುತ್ತೇನೆ, ಹಿಂದೆ ನಿಂತಿರುವ ತಂದೆಯರನ್ನು ನೋಡಿಕೊಂಡೇ ಹೇಳುತ್ತೇನೆ.

ರಂಜಾನ್ ಬಂದಾಗ ಹೊತ್ತುಗಳೆಲ್ಲ ಬದಲಾಗುತ್ತವೆ, ಅದು ಸಹಜ. ಉಪವಾಸವಿರದ ಚಿಕ್ಕ ಮಕ್ಕಳನ್ನು ಮರೆಯಬೇಡಿ. ಮನೆಯಲ್ಲಿ ಹಗಲು ಒಲೆ ಹತ್ತುವುದಿಲ್ಲವೆಂದು ಅವರು ದಿನವೆಲ್ಲ ಪ್ಯಾಕೆಟ್ಟಿನ ಮೇಲೆ ಬದುಕುತ್ತಾರೆ. ಸಹರಿಯ ಅಡುಗೆಯಲ್ಲೇ ಅವರ ಬೆಳಗಿನ ಪಾಲನ್ನು ತೆಗೆದಿಟ್ಟರೆ ಆಯಿತು. ಹಟ ಹಿಡಿದು ಅರ್ಧ ದಿನದ ರೋಜಾ ಇಡುವ ಎಳೆಯರನ್ನು ನಗಬೇಡಿ, ಹುರಿದುಂಬಿಸಿ ಪೂರ್ತಿ ದಿನಕ್ಕೆ ಒತ್ತಾಯಿಸಲೂ ಬೇಡಿ. ಇಫ್ತಾರಿಗೆ ಖರ್ಜೂರ, ಹಣ್ಣು, ಗಂಜಿ ಮೊದಲು ಬರಲಿ, ಸಮೋಸ ಆಮೇಲೆ.

ವಿದ್ಯಾರ್ಥಿಗಳೆ, ಇಷ್ಟು ಹೊತ್ತು ನಿಮ್ಮ ತಲೆಯ ಮೇಲಿಂದ ನಿಮ್ಮ ಅಮ್ಮಂದಿರ ಜೊತೆ ಮಾತಾಡಿದೆ. ನಿಮಗೆ ನಾನು ಹೇಳುವುದು ಒಂದೇ. ನಿಮ್ಮ ಹೊಟ್ಟೆಗೆ ಎಷ್ಟು ಬೇಕು ಎಂದು ಹೇಳುವ ಅಧಿಕಾರ ನಿಮ್ಮದು ಎಂದು ನಾನು ಈ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದ್ದೇನೆ. ಅದನ್ನು ಮನೆಯಲ್ಲಿ ಕೇಳಿ ಪಡೆಯಿರಿ. ಆದರೆ ಅನ್ನವನ್ನು ಮೊದಲೇ ಕಡಿಮೆ ಹಾಕಿಸಿಕೊಳ್ಳಿ, ತಟ್ಟೆಯಲ್ಲಿ ಬಿಡಬೇಡಿ. ಪ್ಯಾಕೆಟ್ಟು ಕೊಂಡಾಗ ಒಡೆಯುವ ಮೊದಲು ಹಿಂಭಾಗ ಓದಿ, ಸಕ್ಕರೆ ಎಷ್ಟು, ಉಪ್ಪು ಎಷ್ಟು ಎಂದು. ಆರು, ಏಳನೇ ತರಗತಿಯವರಿಗೆ ಓದಲು ಬರದ ಪದವೇನೂ ಅದರಲ್ಲಿಲ್ಲ, ಅಕ್ಷರ ಮಾತ್ರ ತುಂಬಾ ಸಣ್ಣದಾಗಿ ಹಾಕಿರುತ್ತಾರೆ.

ಪಾಲಕರಿಗೆ ಕೊನೆಯದಾಗಿ ಒಂದು ಸೂಚನೆ. ಹೊರಗೆ ಮೇಜಿನ ಮೇಲೆ ಒಂದೊಂದು ಹಾಳೆ ಇಟ್ಟಿದ್ದೇವೆ, ಒಂದು ಕಡೆ ಉರ್ದು, ಇನ್ನೊಂದು ಕಡೆ ಕನ್ನಡ. ಅದರಲ್ಲಿ ನಾಲ್ಕು ಹೊತ್ತು, ಏಳು ದಿನದ ಮನೆಗಳಿವೆ, ಎಲ್ಲವೂ ಖಾಲಿ. ತಿಂಡಿಗಳ ಹೆಸರು ನಾನು ಬರೆದುಕೊಟ್ಟಿಲ್ಲ, ನಿಮ್ಮ ಒಲೆಯ ಮೇಲೆ ಏನು ಸಾಧ್ಯ ಎಂದು ನನಗೆ ಗೊತ್ತಿಲ್ಲ. ಭಾನುವಾರ ದಾದಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ತುಂಬಿಸಿ. ಮಕ್ಕಳ ಕೈಯಿಂದಲೇ ಬರೆಸಿ, ಅಕ್ಷರವೂ ಒಂದಷ್ಟು ಸುಧಾರಿಸುತ್ತದೆ. ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಮುಂದಿನ ತಿಂಗಳ ಪಾಲಕರ ಸಭೆಗೆ ಬರುವಾಗ ಆ ಹಾಳೆ ತನ್ನಿ, ಎಲ್ಲಿ ನಡೆಯಿತು, ಎಲ್ಲಿ ಮುರಿಯಿತು ಎಂದು ನೋಡೋಣ. ರೈಲಿಗೆ ಹೋಗುವವರಿಗಾಗಿ ಆ ಸಭೆಯನ್ನು ಭಾನುವಾರವೇ ಇಟ್ಟುಕೊಳ್ಳಲು ಅಧ್ಯಕ್ಷರು ಒಪ್ಪಿದ್ದಾರೆ.